ಪುದೀನ ಒಣಗಿಸಿ ಬಾಟಲಿಗೆ ತುಂಬಿದೆ, ಆರೇ ದಿನಕ್ಕೆ ಬೂಸ್ಟು ಬಂತು. ಎಲ್ಲಿ ತಪ್ಪಿತು?

ಬಾಲ್ಕನಿತೋಟ | ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಎಂಟು ಕುಂಡ ಇಟ್ಟುಕೊಂಡಿದ್ದೇನೆ. ಪುದೀನ, ಬೇಸಿಲ್, ಕೊತ್ತಂಬರಿ, ಸಬ್ಬಸಿಗೆ, ರೋಸ್‌ಮೇರಿ, ಥೈಮ್, ಓರೆಗಾನೊ, ಮತ್ತೆ ಒಂದು ನಿಂಬೆಹುಲ್ಲು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಪುದೀನ. ಕುಂಡದ ಅಂಚು ದಾಟಿ ಕೆಳಗೆ ಇಳಿದಿತ್ತು.

ಒಂದು ಸಂಜೆ ಅರ್ಧ ಗಿಡ ಕೊಯ್ದೆ. ತೊಳೆದೆ. ದಪ್ಪನೆಯ ಒಂದೇ ಕಟ್ಟು ಮಾಡಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಹತ್ತು ದಿನ ಬಿಟ್ಟು ಮುಟ್ಟಿ ನೋಡಿದರೆ ಹೊರಗಿನ ಎಲೆಗಳು ಗರಿಗರಿ. ಖುಷಿಯಿಂದ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಆರನೇ ದಿನ ತೆರೆದಾಗ ಮುಗ್ಗಲು ವಾಸನೆ. ಮುಚ್ಚಳದ ಒಳಗೆ ಸಣ್ಣ ಸಣ್ಣ ಹನಿ. ಕೆಲವು ಎಲೆಗಳ ಮೇಲೆ ಬಿಳಿ ನೂಲಿನಂತೆ ಬೂಸ್ಟು. ಪೂರ್ತಿ ಎಸೆಯಬೇಕಾಯಿತು. ಇಷ್ಟು ದಿನ ನೀರು ಹಾಕಿ ಬೆಳೆಸಿದ್ದು, ಮನಸ್ಸಿಗೆ ತುಂಬಾ ಬೇಜಾರಾಯಿತು.

ಬೇಸಿಲ್ ಫ್ರಿಜ್ಜಲ್ಲಿ ಇಟ್ಟರೆ ಮಾರನೇ ದಿನಕ್ಕೆ ಕಪ್ಪು. ಕೊತ್ತಂಬರಿ ಒಣಗಿಸಿದರೆ ಹುಲ್ಲಿನ ಹಾಗೆ, ರುಚಿಯೇ ಇಲ್ಲ. ರೋಸ್‌ಮೇರಿ ಮಾತ್ರ ಏನು ಮಾಡಿದರೂ ಚೆನ್ನಾಗಿಯೇ ಇರುತ್ತದೆ. ಯಾಕೆ ಹೀಗೆ? ನೀವೆಲ್ಲ ಹೇಗೆ ಮಾಡ್ತೀರಿ, ದಯವಿಟ್ಟು ವಿವರವಾಗಿ ಹೇಳಿ.


ಹಿತ್ತಲಗಿಡ | ಭಾನುವಾರ ರಾತ್ರಿ

ಓದಿ ನನಗೂ ಬೇಜಾರಾಯಿತು. ಆದರೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. ಹೊರಗಿನ ಎಲೆ ಗರಿಗರಿ ಅಂದಿರಿ. ಒಳಗಿನದ್ದು? ಮುಚ್ಚಳದಲ್ಲಿ ಕಂಡ ಹನಿ ಬೇರೆಲ್ಲಿಂದಲೋ ಬಂದದ್ದಲ್ಲ. ಕಟ್ಟಿನ ನಡುವಿನ ಎಲೆಯಲ್ಲಿ, ಕಾಂಡದಲ್ಲಿ ಉಳಿದಿದ್ದ ನೀರು ಅದು. ಬಾಟಲಿ ಬಿಗಿದ ಮೇಲೆ ಹೋಗೋಕೆ ದಾರಿ ಇಲ್ಲದೆ ಗಾಜಿಗೆ ಅಂಟಿಕೊಂಡಿತು.

ರೋಸ್‌ಮೇರಿ ಯಾಕೆ ಕೆಡುವುದಿಲ್ಲ ಅಂದಿರಲ್ವಾ? ನೀರಿನ ಲೆಕ್ಕ ನೋಡಿ. ಹಸಿ ಬೇಸಿಲ್, ಹಸಿ ಕೊತ್ತಂಬರಿಯಲ್ಲಿ ನೂರಕ್ಕೆ ಸುಮಾರು 92 ಭಾಗ ನೀರೇ. ಪುದೀನದಲ್ಲಿ ಜಾತಿಯ ಮೇಲೆ 79ರಿಂದ 86. ರೋಸ್‌ಮೇರಿಯಲ್ಲಿ ಸುಮಾರು 68, ಥೈಮ್‌ನಲ್ಲಿ 65. ಅಂದರೆ 100 ಗ್ರಾಂ ಬೇಸಿಲ್‌ನಿಂದ 90 ಗ್ರಾಮಿಗಿಂತ ಜಾಸ್ತಿ ನೀರು ಹೊರಗೆ ಹೋಗಬೇಕು. ಅಷ್ಟು ನೀರು ನಿಧಾನವಾಗಿ ಹೋಗುತ್ತಾ ಕೂತರೆ ಅಷ್ಟರಲ್ಲಿ ಬೂಸ್ಟು ಬಂದೇ ಬರುತ್ತದೆ. ರೋಸ್‌ಮೇರಿ, ಥೈಮ್ ಎಲೆ ಚಿಕ್ಕದು, ಗಟ್ಟಿ, ನೀರೂ ಕಡಿಮೆ. ಅವನ್ನು ಕಟ್ಟು ಕಟ್ಟಿ ತೂಗುಹಾಕಿದರೆ ಸಾಕು. ಪುದೀನ, ಬೇಸಿಲ್, ಓರೆಗಾನೊ ಹಾಗಲ್ಲ. ಇವುಗಳ ಕಟ್ಟು ಸಣ್ಣದಾಗಿರಬೇಕು, ಆರೇಳು ಕಡ್ಡಿಗಿಂತ ಜಾಸ್ತಿ ಬೇಡ. ಇನ್ನೂ ಒಳ್ಳೆಯದು ಅಂದರೆ ಎಲೆ ಬಿಡಿಸಿ ಜರಡಿಯ ಮೇಲೋ ಬಲೆಯ ಮೇಲೋ ಒಂದೇ ಪದರವಾಗಿ ಹರಡುವುದು.

ನಾನು ಇದನ್ನು ಹೀಗೆ ನೋಡುತ್ತೇನೆ. ನೀರು ಹೋಗಬೇಕು, ಘಮ ಉಳಿಯಬೇಕು. ಎರಡೂ ಒಟ್ಟಿಗೆ ಆಗಬೇಕಲ್ಲ, ಅದೇ ಕಷ್ಟ. ಶಾಖ ಜಾಸ್ತಿ ಕೊಟ್ಟರೆ ನೀರು ಬೇಗ ಹೋಗುತ್ತದೆ, ಘಮವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಸುಮ್ನೆ ಇಟ್ಟರೆ ಘಮವೂ ಇರುತ್ತದೆ, ನೀರೂ ಇರುತ್ತದೆ. ಹಾಗಾಗಿ ಶಾಖ ಕಡಿಮೆ ಇರಲಿ, ಗಾಳಿ ಜಾಸ್ತಿ ಇರಲಿ. ಅಡುಗೆಮನೆ ಈ ಕೆಲಸಕ್ಕೆ ಒಳ್ಳೆಯ ಜಾಗ ಅಲ್ಲ. ಒಲೆಯ ಆವಿ, ಒಗ್ಗರಣೆಯ ಜಿಡ್ಡು, ಎಲ್ಲವನ್ನೂ ಎಲೆ ಹೀರಿಕೊಳ್ಳುತ್ತದೆ. ಬಿಸಿಲು ನೇರ ಬೀಳದ, ಗಾಳಿಯಾಡುವ ಕೋಣೆ ಹುಡುಕಿ. ಫ್ಯಾನ್ ಸಣ್ಣಗೆ ಹಾಕಿದರೂ ಆಗುತ್ತದೆ.

ಕೊನೆಗೆ ಒಣಗಿದೆಯೋ ಇಲ್ಲವೋ ನೋಡುವುದು. ಎಲೆಯ ತುದಿ ಎಲ್ಲಕ್ಕಿಂತ ಮೊದಲು ಒಣಗುತ್ತದೆ, ಅದನ್ನು ಮುಟ್ಟಿ ನಂಬಬೇಡಿ. ತೊಟ್ಟು ಎಲೆಗೆ ಕೂಡುವ ಕಡೆ, ನಡುನರದ ದಪ್ಪ ಇರುವ ಕಡೆ ಬೆರಳಿಂದ ಮಡಚಿ. ಚರ್ಮದ ಹಾಗೆ ಬಾಗಿದರೆ ಇನ್ನೂ ನೀರಿದೆ. ಚಟ್ ಅಂತ ಮುರಿದರೆ ಆಯಿತು. ಕಡ್ಡಿಯನ್ನೂ ಬಗ್ಗಿಸಿ ನೋಡಿ, ಅದೂ ಮುರಿಯಬೇಕು.


ಎಳೆಬಿಸಿಲು | ಸೋಮವಾರ ಬೆಳಿಗ್ಗೆ

ಹಿತ್ತಲಗಿಡ ಅವರು ಒಣಗಿಸುವುದನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಅದಕ್ಕೂ ಹಿಂದಿನ ಕೆಲಸದ ಬಗ್ಗೆ ಹೇಳುತ್ತೇನೆ, ಕೊಯ್ಯುವುದು. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಸಂಜೆ ಕೊಯ್ದೆ ಅಂದಿರಿ. ಬೆಳಿಗ್ಗೆ ಕೊಯ್ಯಿರಿ. ಇಬ್ಬನಿ ಆರಿರಬೇಕು, ಬಿಸಿಲು ಇನ್ನೂ ಏರಿರಬಾರದು. ದಿನವಿಡೀ ಬಿಸಿಲಲ್ಲಿ ನಿಂತ ಎಲೆಯಿಂದ ಘಮ ಸ್ವಲ್ಪ ಸ್ವಲ್ಪವೇ ಹಾರಿಹೋಗಿರುತ್ತದೆ. ಬೆಳಗಿನ ಎಲೆ ತುಂಬಿಕೊಂಡಿರುತ್ತದೆ.

ತೊಳೆಯುವುದಕ್ಕೆ ಒಂದು ಉಪಾಯ. ಕೊಯ್ಯುವ ಹಿಂದಿನ ದಿನ ಗಿಡದಲ್ಲಿರುವಾಗಲೇ ಎಲೆಗಳ ಮೇಲೆ ಚೆನ್ನಾಗಿ ನೀರು ಚಿಮುಕಿಸಿ. ಧೂಳೆಲ್ಲ ಇಳಿಯುತ್ತದೆ. ಬೆಳಿಗ್ಗೆಗೆ ಗಿಡವೇ ಒಣಗಿಸಿಕೊಂಡಿರುತ್ತದೆ. ಕೊಯ್ದ ಮೇಲೆ ಮತ್ತೆ ಒದ್ದೆ ಮಾಡಬೇಕಾಗಿಲ್ಲ. ಮಣ್ಣು ಹತ್ತಿದ್ದರೆ ತೊಳೆಯಲೇಬೇಕು, ಆಗ ಬಟ್ಟೆಯ ಮೇಲೆ ಹರಡಿ ಮೇಲಿನ ಪಸೆ ಪೂರ್ತಿ ಹೋದ ಮೇಲೇ ಕಟ್ಟು ಕಟ್ಟಿ.

ಯಾವಾಗ ಅಂದರೆ, ಮೊಗ್ಗು ಕಾಣಿಸಿಕೊಂಡು ಹೂ ಅರಳುವ ಮೊದಲು. ಹೆಚ್ಚಿನ ಗಿಡಗಳಲ್ಲಿ ಎಲೆಯ ಎಣ್ಣೆ ಆಗ ಜಾಸ್ತಿ. ಹೂ ಬಂದ ಮೇಲೆ ಗಿಡದ ಶಕ್ತಿ ಬೀಜದ ಕಡೆ ತಿರುಗುತ್ತದೆ. ಬೇಸಿಲ್ ಎಲೆ ಕಹಿಯಾಗುವುದೂ ಆಗಲೇ.

ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಬೇಸಿಲ್ ಗಿಡದಲ್ಲಿ ಹತ್ತಿರದಿಂದ ನೋಡಿ. ಕಾಂಡದಲ್ಲಿ ಎಲೆಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಪ್ರತಿ ಜೋಡಿಯ ಕಂಕುಳಲ್ಲಿ ಅಕ್ಕಿಕಾಳಿನಷ್ಟು ಎರಡು ಚಿಗುರು ಕಾದುಕೊಂಡಿರುತ್ತವೆ. ಆ ಗೆಣ್ಣಿನ ಸ್ವಲ್ಪವೇ ಮೇಲೆ ಕತ್ತರಿಸಿದರೆ ಎರಡೂ ಎದ್ದು ಎರಡು ಕೊಂಬೆಯಾಗುತ್ತವೆ. ಒಂದು ಕುಡಿ ತೆಗೆದರೆ ಎರಡು ಬರುತ್ತದೆ. ಸುಮ್ನೆ ಕೆಳಗಿನ ದೊಡ್ಡ ಎಲೆಗಳನ್ನೇ ಕಿತ್ತುಕೊಂಡು ಬಂದರೆ ಗಿಡ ಕೋಲಿನ ಹಾಗೆ ಎತ್ತರಕ್ಕೆ ಹೋಗುತ್ತದೆ.

ರೋಸ್‌ಮೇರಿ, ಥೈಮ್‌ನಂಥ ಬಹುವರ್ಷದ ಗಿಡಗಳಲ್ಲಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ರೋಸ್‌ಮೇರಿಯ ಕಂದು ಬಣ್ಣದ ಬಲಿತ ಕಟ್ಟಿಗೆಯ ತನಕ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ. ಹಸಿರು ಇರುವ ಕಡೆಯೇ ನಿಲ್ಲಿಸಿ. ಪುದೀನಕ್ಕೆ ಈ ಭಯ ಇಲ್ಲ, ನೆಲದಿಂದ ಎರಡು ಗೆಣ್ಣು ಬಿಟ್ಟರೂ ಮತ್ತೆ ಬರುತ್ತದೆ.


ಮಹಡಿಮೇಲೆ | ಸೋಮವಾರ ಮಧ್ಯಾಹ್ನ

ನಾನು ಯಾವಾಗಲೂ ಬಿಸಿಲಲ್ಲೇ ಒಣಗಿಸುವುದು. ಒಂದೇ ದಿನದಲ್ಲಿ ಗರಿಗರಿ ಆಗುತ್ತದೆ, ಬೂಸ್ಟು ಬರುವ ಪ್ರಶ್ನೆಯೇ ಇಲ್ಲ. ಇಷ್ಟೆಲ್ಲ ಯಾಕೆ?


ಹಿತ್ತಲಗಿಡ | ಸೋಮವಾರ ಸಂಜೆ

ಬೂಸ್ಟು ಬರುವುದಿಲ್ಲ, ನಿಜ. ಆದರೆ ಒಂದು ಸಲ ಹೋಲಿಸಿ ನೋಡಿ. ಒಂದೇ ಗಿಡದ ಪುದೀನವನ್ನು ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಒಣಗಿಸಿ. ಬಿಸಿಲಿನದ್ದು ಕಂದು ಹಳದಿಗೆ ತಿರುಗಿರುತ್ತದೆ. ನೆರಳಿನದ್ದು ಹಸಿರಾಗಿಯೇ ಇರುತ್ತದೆ. ಎರಡನ್ನೂ ಅಂಗೈಯಲ್ಲಿ ತಿಕ್ಕಿ ಮೂಸಿ.

ಕಾರಣ ಎಲೆಯ ಮೇಲೇ ಇದೆ. ಪುದೀನ, ಬೇಸಿಲ್, ಓರೆಗಾನೊ, ಥೈಮ್, ರೋಸ್‌ಮೇರಿ ಎಲ್ಲ ಒಂದೇ ಕುಟುಂಬದ ಗಿಡಗಳು. ಇವುಗಳ ಎಣ್ಣೆ ಎಲೆಯ ಮೇಲ್ಮೈಯಲ್ಲಿರುವ ಪುಟ್ಟ ಪುಟ್ಟ ಗ್ರಂಥಿಗಳಲ್ಲಿ ತುಂಬಿಕೊಂಡಿರುತ್ತದೆ. ಭೂತಗನ್ನಡಿ ಇದ್ದರೆ ಪುದೀನದ ಎಲೆಯ ಹಿಂಭಾಗ ನೋಡಿ, ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಅವು ಒಡೆದಾಗಲೇ ಘಮ ಬರುವುದು. ಸುಡುವ ಬಿಸಿಲು ಅದನ್ನೇ ಹಾರಿಸಿಬಿಡುತ್ತದೆ. ಒಣಗಿದ ಎಲೆಯನ್ನು ಪುಡಿ ಮಾಡಿ ಇಡಬಾರದು ಅನ್ನುವುದಕ್ಕೂ ಇದೇ ಕಾರಣ. ಇಡೀ ಎಲೆಯನ್ನೇ ಬಾಟಲಿಗೆ ತುಂಬಿ. ಬಳಸುವ ಹೊತ್ತಿಗೆ ಕೈಯಲ್ಲಿ ಪುಡಿ ಮಾಡಿ ಹಾಕಿ.


ಚಿಗುರೆಲೆ | ಸೋಮವಾರ ರಾತ್ರಿ

ನಮ್ಮ ಕಡೆ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ನೆರಳಲ್ಲಿ ಹದಿನೈದು ದಿನ ಇಟ್ಟರೂ ಒಣಗುವುದಿಲ್ಲ. ಓವನ್, ಮೈಕ್ರೊವೇವ್ ಬಳಸಬಹುದಾ?


ಎಳೆಬಿಸಿಲು | ಮಂಗಳವಾರ ಬೆಳಿಗ್ಗೆ

ಗಾಳಿಯಲ್ಲಿ ತೇವ ಇದ್ದಾಗ ಬರೀ ತೂಗುಹಾಕುವುದನ್ನು ನಂಬಿ ಕೂರಬೇಡಿ. ನನ್ನ ಮೊದಲ ಆಯ್ಕೆ ಡಿಹೈಡ್ರೇಟರ್, ಅಂದರೆ ಬೆಚ್ಚನೆಯ ಗಾಳಿ ಹಾಯಿಸಿ ಒಣಗಿಸುವ ಯಂತ್ರ. 35ರಿಂದ 46 ಡಿಗ್ರಿ ಸೆಲ್ಸಿಯಸ್ ಇಟ್ಟು ಒಂದರಿಂದ ನಾಲ್ಕು ಗಂಟೆ. ತುಂಬಾ ತೇವದ ದಿನಗಳಲ್ಲಿ 50ರ ಹತ್ತಿರ ಹೋಗಬೇಕಾಗುತ್ತದೆ. ಅದಕ್ಕಿಂತ ಮೇಲೆ ಬೇಡ.

ಓವನ್ ನನಗೆ ಅಷ್ಟು ಇಷ್ಟವಿಲ್ಲ. ಬಹಳಷ್ಟು ಓವನ್‌ಗಳಲ್ಲಿ ತೀರಾ ಕಡಿಮೆ ಅಂದರೂ ಎಲೆಗೆ ಬೇಕಾದದ್ದಕ್ಕಿಂತ ಬಿಸಿ ಜಾಸ್ತಿ. ಬೇರೆ ದಾರಿ ಇಲ್ಲ ಅಂದರೆ ಬಾಗಿಲು ಸ್ವಲ್ಪ ತೆರೆದಿಟ್ಟು, ಎದುರಿಗೇ ನಿಂತು ಮಾಡಿ.

ಮೈಕ್ರೊವೇವ್ ಸಣ್ಣ ಪ್ರಮಾಣಕ್ಕೆ ಆಗುತ್ತದೆ. ಒಂದು ಹಿಡಿ ಎಲೆ, ಕೆಳಗೆ ಮೇಲೆ ಪೇಪರ್ ಟವೆಲ್. ಮೊದಲು ಒಂದು ನಿಮಿಷ, ಆಮೇಲೆ 20 ಸೆಕೆಂಡಿಗೊಮ್ಮೆ ತೆರೆದು ನೋಡುವುದು. ಬಿಟ್ಟು ಆಚೀಚೆ ಹೋಗಲೇಬೇಡಿ. ನೀರೆಲ್ಲ ಹೋದ ಎಲೆಗೆ, ಕಾಗದಕ್ಕೆ ಬೆಂಕಿ ಹತ್ತಿಕೊಳ್ಳಬಹುದು.


ಬಾಲ್ಕನಿತೋಟ | ಮಂಗಳವಾರ ಮಧ್ಯಾಹ್ನ

ಎಷ್ಟು ಸಹಾಯ ಆಯಿತು ಗೊತ್ತಾ! ಈಗ ಕೊತ್ತಂಬರಿ, ಸಬ್ಬಸಿಗೆ, ಬೇಸಿಲ್ ಬಗ್ಗೆಯೂ ಯಾರಾದರೂ ಹೇಳಿ. ಇವನ್ನು ಒಣಗಿಸುವುದೇ ತಪ್ಪಾ?


ಹಿತ್ತಲಗಿಡ | ಮಂಗಳವಾರ ಸಂಜೆ

ಕೊತ್ತಂಬರಿಯನ್ನು ಒಣಗಿಸಲೇಬೇಡಿ ಅನ್ನುತ್ತೇನೆ. ಅದರ ಘಮ ತುಂಬಾ ಹಗುರ, ನೀರಿನ ಜೊತೆಯೇ ಹೊರಟುಹೋಗುತ್ತದೆ. ಉಳಿಯುವುದು ಹಸಿರು ಕಾಗದ. ಸಬ್ಬಸಿಗೆ, ಪಾರ್ಸ್ಲಿ, ಚೈವ್ಸ್ ಕೂಡ ಒಣಗಿದರೆ ಬಹಳ ಕಳೆದುಕೊಳ್ಳುತ್ತವೆ. ಇವಕ್ಕೆ ಫ್ರೀಜರೇ ಸರಿ.

ಸಣ್ಣಗೆ ಹೆಚ್ಚಿ ಐಸ್ ಟ್ರೇಯ ಗುಳಿಗಳಲ್ಲಿ ಒತ್ತಿ ತುಂಬಿ. ಮೇಲೆ ಎಲೆ ಮುಳುಗುವಷ್ಟು ನೀರು ಹಾಕಿ. ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ ಗಾಳಿ ಹಿಂಡಿ ತೆಗೆದು, ಹೆಸರು, ತಾರೀಕು ಬರೆದು ಇಡಿ. ಹೆಸರು ಬರೆಯಲೇಬೇಕು, ಗಟ್ಟಿಯಾದ ಮೇಲೆ ಸಬ್ಬಸಿಗೆ ಯಾವುದು, ಕೊತ್ತಂಬರಿ ಯಾವುದು ಗೊತ್ತಾಗುವುದಿಲ್ಲ. ಕರಗಿದ ಸೊಪ್ಪು ಮೆತ್ತಗಾಗಿರುತ್ತದೆ, ಮೇಲೆ ಉದುರಿಸುವುದಕ್ಕೆ ಆಗುವುದಿಲ್ಲ. ಬೇಯುತ್ತಿರುವುದಕ್ಕೆ ಗಡ್ಡೆಯನ್ನೇ ನೇರ ಹಾಕಬೇಕು. ಆರು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು.

ಬೇಸಿಲ್‌ಗೆ ಚಳಿ ಆಗುವುದಿಲ್ಲ. 10 ಡಿಗ್ರಿಗಿಂತ ತಣ್ಣಗಿನ ಕಡೆ ಇಟ್ಟರೆ ಎಲೆಯ ಜೀವಕೋಶಗಳಿಗೆ ಏಟು ಬಿದ್ದು ಕಪ್ಪಾಗುತ್ತದೆ. ನಿಮ್ಮ ಫ್ರಿಜ್ಜು ಕೆಟ್ಟಿಲ್ಲ. ಹಸಿ ಬೇಸಿಲ್ ಅನ್ನು ಹೂವಿನ ಹಾಗೆ ಲೋಟದ ನೀರಿನಲ್ಲಿ ಹೊರಗೇ ಇಡಿ. ಕೆಲವು ಕಡ್ಡಿಗಳು ಅಲ್ಲೇ ಬೇರು ಬಿಡುತ್ತವೆ, ಅವನ್ನು ಕುಂಡದಲ್ಲಿ ನೆಟ್ಟರೆ ಹೊಸ ಗಿಡ. ಕೊತ್ತಂಬರಿಯನ್ನು ಲೋಟದ ನೀರಿನಲ್ಲಿಟ್ಟು ಮೇಲೆ ಸಡಿಲವಾಗಿ ಚೀಲ ಹೊದಿಸಿ ಫ್ರಿಜ್ಜಿನಲ್ಲೇ ಇಡಬಹುದು. ರೋಸ್‌ಮೇರಿ, ಥೈಮ್ ತೆಳು ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಸಾಕು.

ಬೇಸಿಲ್ ಅನ್ನು ಫ್ರೀಜರಿಗೆ ಹಾಕುವುದಾದರೆ, ಮೊದಲು ಕುದಿಯುವ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ. ಎಲೆಯನ್ನು ಕಪ್ಪು ಮಾಡುವ ಕಿಣ್ವ ಆ ಬಿಸಿಗೆ ನಿಂತುಹೋಗುತ್ತದೆ, ಬಣ್ಣ ಉಳಿಯುತ್ತದೆ.


ಮಹಡಿಮೇಲೆ | ಬುಧವಾರ ಬೆಳಿಗ್ಗೆ

ಇನ್ನೂ ಸುಲಭದ್ದು ಹೇಳುತ್ತೇನೆ. ಹಸಿ ಬೇಸಿಲ್, ಒಂದೆರಡು ಬೆಳ್ಳುಳ್ಳಿ ಎಸಳು, ಮೇಲೆ ಎಣ್ಣೆ. ಬಾಟಲಿ ಮುಚ್ಚಿ ಅಡುಗೆಮನೆಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಇಡುತ್ತೇನೆ. ಎಣ್ಣೆಯಲ್ಲಿ ಏನೂ ಕೆಡುವುದಿಲ್ಲ ಅಲ್ವಾ?


ಲ್ಯಾಬ್‌ಕೋಟು | ಬುಧವಾರ ಬೆಳಿಗ್ಗೆ

ಮಹಡಿಮೇಲೆ ಅವರೇ, ದಯವಿಟ್ಟು ಆ ಬಾಟಲಿಯಲ್ಲಿ ಇರುವುದನ್ನು ಇವತ್ತೇ ಎಸೆದುಬಿಡಿ. ರುಚಿ ಕೂಡ ನೋಡಬೇಡಿ. ನಾನು ಆಹಾರದ ಸೂಕ್ಷ್ಮಜೀವಿಗಳ ಕೆಲಸ ಮಾಡುವವಳು. ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ, ನಿಮ್ಮ ಮನೆಯವರು ಚೆನ್ನಾಗಿರಲಿ ಅಂತ ಹೇಳುತ್ತಿದ್ದೇನೆ.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಸೊಪ್ಪು, ಬೆಳ್ಳುಳ್ಳಿಯ ಮೇಲೂ ಇರಬಹುದು, ತೊಳೆದರೂ ಪೂರ್ತಿ ಹೋಗುವುದಿಲ್ಲ. ಸಾಮಾನ್ಯವಾಗಿ ಅವು ಸುಮ್ನೆ ಇರುತ್ತವೆ. ಅವು ಎದ್ದು ಬೆಳೆಯೋಕೆ ನಾಲ್ಕು ಬೇಕು. ಗಾಳಿ ಇರಬಾರದು, ನೀರು ಇರಬೇಕು, ಹುಳಿ ಕಡಿಮೆ ಇರಬೇಕು, ಹಿತವಾದ ಬೆಚ್ಚಗಿರಬೇಕು. ನಿಮ್ಮ ಬಾಟಲಿಯಲ್ಲಿ ನಾಲ್ಕೂ ಇವೆ. ಎಣ್ಣೆ ಗಾಳಿಯನ್ನು ತಡೆಯುತ್ತದೆ. ಹಸಿ ಎಲೆ ನೀರು ಕೊಡುತ್ತದೆ. ಅಲ್ಲಿ ಹುಳಿಯೇ ಇಲ್ಲ. ಕಟ್ಟೆಯ ಮೇಲೆ ಬೆಚ್ಚಗಿದೆ. ಆಗ ಅದು ಮಾಡುವ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣು ಮಂಜಾಗುವುದು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟವಾಗುವುದು, ಕೊನೆಗೆ ಉಸಿರಾಟಕ್ಕೇ ತೊಂದರೆ. ಬೂಸ್ಟಿನ ಹಾಗೆ ಇದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ, ವಾಸನೆ, ರುಚಿ ಎಲ್ಲ ಮೊದಲಿನ ಹಾಗೆಯೇ ಇರಬಹುದು. ನನಗೆ ಹೆಚ್ಚು ಭಯ ಇರುವುದು ಅದಕ್ಕೇ.

ಎಣ್ಣೆಯಲ್ಲಿ ಹಸಿ ಸೊಪ್ಪು ಇಡಲೇಬೇಕು ಅಂದರೆ ಫ್ರಿಜ್ಜಿನಲ್ಲಿ ಇಟ್ಟು ನಾಲ್ಕು ದಿನದೊಳಗೆ ಮುಗಿಸಿ. ಜಾಸ್ತಿ ದಿನಕ್ಕೆ ಬೇಕಾದರೆ ಐಸ್ ಟ್ರೇಯಲ್ಲಿ ನೀರಿನ ಬದಲು ಎಣ್ಣೆ ಹಾಕಿ ಗಡ್ಡೆ ಕಟ್ಟಿಸಿ ಫ್ರೀಜರಿನಲ್ಲೇ ಇಡಿ. ಆ ಚಳಿಯಲ್ಲಿ ಅದು ಬೆಳೆಯುವುದಿಲ್ಲ. ಪೂರ್ತಿ ಒಣಗಿದ ಎಲೆ ಎಣ್ಣೆಗೆ ಹಾಕಿದರೆ ಅಪಾಯ ಬಹಳ ಕಡಿಮೆ, ಯಾಕಂದರೆ ಅಲ್ಲಿ ನೀರೇ ಇಲ್ಲ.

ಹೊರಗೆ ಇಡುವಂಥದ್ದೇ ಬೇಕು ಅಂದರೆ ವಿನೆಗರ್ ಬಳಸಿ. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಅದು 4.6ಕ್ಕಿಂತ ಕೆಳಗೆ ಇದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. 5 ಶೇಕಡಾ ಹುಳಿಯ ವಿನೆಗರ್ ತೆಗೆದುಕೊಂಡು, ಕುದಿ ಬರುವ ಸ್ವಲ್ಪ ಮೊದಲು ಇಳಿಸಿ, ಶುದ್ಧ ಮಾಡಿದ ಗಾಜಿನ ಬಾಟಲಿಯಲ್ಲಿರುವ ಸೊಪ್ಪಿನ ಮೇಲೆ ಹಾಕಿ. ಮೂರು ನಾಲ್ಕು ವಾರ ತಂಪಾದ ಕತ್ತಲಲ್ಲಿ ಇಟ್ಟು ಸೋಸಿಕೊಳ್ಳಿ. ಸಬ್ಬಸಿಗೆ ಮತ್ತು ಥೈಮ್‌ಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಸೋಸಿದ ಮೇಲೆ ತಂಪು ಜಾಗದಲ್ಲಿ ಎರಡು ಮೂರು ತಿಂಗಳು ಇರುತ್ತದೆ, ಫ್ರಿಜ್ಜಿನಲ್ಲಿ ಆದರೆ ಆರರಿಂದ ಎಂಟು ತಿಂಗಳು.


ಮಹಡಿಮೇಲೆ | ಬುಧವಾರ ಮಧ್ಯಾಹ್ನ

ಬಾಟಲಿ ಎಸೆದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕನ ಮನೆಗೂ ಒಂದು ಕೊಟ್ಟಿದ್ದೆ, ಅವರಿಗೂ ಫೋನ್ ಮಾಡಿ ಹೇಳಿದ್ದೇನೆ. ತುಂಬಾ ಥ್ಯಾಂಕ್ಸ್ ಮೇಡಂ.


ಚಿಗುರೆಲೆ | ಬುಧವಾರ ರಾತ್ರಿ

ಒಣಗಿದ್ದು ಎಷ್ಟು ದಿನ ಇರುತ್ತದೆ? ಹಸಿಗೆ ಬದಲು ಎಷ್ಟು ಹಾಕಬೇಕು?


ಎಳೆಬಿಸಿಲು | ಗುರುವಾರ ಬೆಳಿಗ್ಗೆ

ಬಿಗಿ ಮುಚ್ಚಳ, ಕತ್ತಲು, ತಂಪು. ಹೀಗಿದ್ದರೆ ಒಂದು ವರ್ಷದ ತನಕ ರುಚಿ ಇರುತ್ತದೆ. ಒಲೆಯ ಮೇಲಿನ ಶೆಲ್ಫಿನಲ್ಲಿ ಗಾಜಿನ ಬಾಟಲಿಗಳನ್ನು ಸಾಲಾಗಿ ಇಟ್ಟರೆ ನೋಡೋಕೆ ಚಂದ, ಆದರೆ ಬೆಳಕು, ಬಿಸಿ ಎರಡೂ ಅಲ್ಲೇ ಜಾಸ್ತಿ. ಹಳೆಯದಾಯಿತಾ ಅನ್ನುವ ಅನುಮಾನ ಬಂದರೆ ಎರಡು ಎಲೆ ತಿಕ್ಕಿ ಮೂಸಿ. ಘಮ ಇಲ್ಲದಿದ್ದರೆ ಗಿಡದ ಬುಡಕ್ಕೆ ಹಾಕಿ.

ಅಳತೆಗೆ, ಹಸಿ ಮೂರು ಚಮಚ ಬೇಕಾದ ಕಡೆ ಒಣಗಿದ್ದು ಒಂದು ಚಮಚ ಸಾಕು. ನೀರು ಹೋಗಿ ಘಮ ಗಟ್ಟಿಯಾಗಿರುತ್ತದೆ.

ಬಾಲ್ಕನಿತೋಟ ಅವರೇ, ನಿಮಗೊಂದು ಮಾತು. ಈ ಸಲ ಬಾಟಲಿಗೆ ತುಂಬಿದ ಮೇಲೆ ಒಂದು ವಾರ ದಿನಾ ಅದನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಒಂದೇ ಒಂದು ಹನಿ, ಮಬ್ಬು ಕಂಡರೂ ಆ ಕ್ಷಣವೇ ಎಲ್ಲ ಹೊರಗೆ ಸುರಿದು ಮತ್ತೆ ಒಣಗಿಸಿ. ಆಗ ಇನ್ನೂ ಉಳಿಸಿಕೊಳ್ಳಬಹುದು. ಬೂಸ್ಟು ಕಂಡ ಮೇಲೆ ಆರಿಸಿ ಬಳಸುವ ಯೋಚನೆ ಮಾತ್ರ ಬೇಡ, ನೀವು ಎಸೆದದ್ದೇ ಸರಿ.


ಬಾಲ್ಕನಿತೋಟ | ಎರಡು ವಾರದ ನಂತರ

ಹೇಳೋಕೆ ಬಂದೆ. ಗಿಡ ಮತ್ತೆ ಚಿಗುರಿತ್ತು. ಹಿಂದಿನ ದಿನ ನೀರು ಚಿಮುಕಿಸಿ ತೊಳೆದು, ಬೆಳಿಗ್ಗೆ ಏಳೂವರೆಗೆ ಕೊಯ್ದೆ. ಎಲೆ ಬಿಡಿಸಿ ಹಳೆಯ ಸೊಳ್ಳೆಪರದೆಯ ಬಲೆಯನ್ನು ಚೌಕಟ್ಟಿಗೆ ಬಿಗಿದು ಅದರ ಮೇಲೆ ಹರಡಿದೆ. ಪಕ್ಕದ ಕೋಣೆ, ಕಿಟಕಿಗೆ ಪರದೆ, ಸಣ್ಣಗೆ ಫ್ಯಾನ್. ಮೂರನೇ ದಿನ ಎಲ್ಲ ಒಣಗಿದೆ ಅನ್ನಿಸಿತು. ಆದರೆ ತೊಟ್ಟಿನ ಹತ್ತಿರ ಮಡಚಿದರೆ ಬಾಗಿತು. ಅದನ್ನು ಹೇಳಿಕೊಟ್ಟಿರದಿದ್ದರೆ ಅವತ್ತೇ ತುಂಬಿಬಿಡುತ್ತಿದ್ದೆ. ಐದನೇ ದಿನ ಚಟ್ ಅಂತ ಮುರಿಯಿತು.

ತುಂಬಿ ಇವತ್ತಿಗೆ ಒಂಬತ್ತು ದಿನ. ಹನಿ ಇಲ್ಲ, ಮಬ್ಬಿಲ್ಲ. ಮುಚ್ಚಳ ತೆಗೆದರೆ ಕೋಣೆಯೆಲ್ಲ ಪುದೀನ.

ಇನ್ನೊಂದು ಪ್ರಶ್ನೆ. ಕೊತ್ತಂಬರಿ ಕೊಯ್ಯುವುದು ತಡವಾಗಿ ಹೂ ಬಿಟ್ಟುಬಿಟ್ಟಿದೆ. ಕಿತ್ತು ಹಾಕಲಾ?


ಹಿತ್ತಲಗಿಡ | ಅದೇ ದಿನ ಸಂಜೆ

ಅಯ್ಯೋ, ಕೀಳಬೇಡಿ! ಬೀಜ ಆಗೋಕೆ ಬಿಡಿ. ಕಾಯಿ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಲು ಶುರುವಾದ ಕೂಡಲೇ ಗೊಂಚಲನ್ನು ಕಾಂಡ ಸಮೇತ ಕತ್ತರಿಸಿ. ಪೂರ್ತಿ ಒಣಗುವ ತನಕ ಕಾದರೆ ಎಲ್ಲ ಕುಂಡದಲ್ಲೇ ಉದುರಿಹೋಗುತ್ತದೆ. ಕಾಗದದ ಚೀಲದೊಳಗೆ ತಲೆಕೆಳಗಾಗಿ ಇಟ್ಟು ಬಾಯಿ ಕಟ್ಟಿ ತೂಗುಹಾಕಿ, ಚೀಲಕ್ಕೆ ಗಾಳಿಯಾಡಲು ನಾಲ್ಕೈದು ತೂತು ಮಾಡಿ. ಒಣಗಿದ ಕಾಳು ತಾನಾಗಿಯೇ ಚೀಲದ ತಳಕ್ಕೆ ಬೀಳುತ್ತದೆ. ಸಬ್ಬಸಿಗೆಗೂ ಹೀಗೇ ಮಾಡಿ. ಒಂದು ಹಿಡಿ ಕಾಳು ಎತ್ತಿಟ್ಟುಕೊಳ್ಳಿ, ಅದೇ ಕುಂಡದಲ್ಲಿ ಮತ್ತೆ ಬಿತ್ತಬಹುದು. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಬಿತ್ತುವ ಮೊದಲು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿ.